ಊಟದ ಪಾತ್ರೆಗಳ ಪೂರ್ವೋತ್ತರ

ಸಂಸ್ಕೃತದ ‘ಪಾತ್ರ’ ಶಬ್ದಕ್ಕೆ ಭಾಜನವೆಂದೂ ಯೋಗ್ಯನೆಂದೂ ಎರಡರ್ಥಗಳುಂಟು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯ ಊಟದ ಪಾತ್ರೆಗಳ ಚರಿತ್ರೆಯನ್ನು ವಿಚಾರಿಸಿದರೆ, ಈ ಎರಡರ್ಥಗಳೂ ಬಹುಕಾಲ ಜತೆಯಾಗಿಯೇ ನಡೆದುವೆಂಬುದು ತಿಳಿಯುವುದು.

ಎಲೆಯೇ ಬಡವನ ಮೊದಲ ಭಾಜನ. ಮಳೆ ಕಡಮೆಯಾದ ಈ ನಾಡಿನಲ್ಲಿ ಬಾಳೆಯೆಲೆ ಎಲ್ಲರಿಗೂ ಸುಲಭವಲ್ಲ. ಆದಕಾರಣ ಗುಡ್ಡದ ಮುತ್ತುಗದೆಲೆಗಳನ್ನು ಕಡ್ಡಿಯಿಂದ ಹಚ್ಚಿ, ಒಣಗಿಸಿ ಕಟ್ಟಿಡುವ ರೂಢಿ ಬೆಳೆಯಿತು. ಸಾರಿಗೆ ದೊನ್ನೆಯಾಯಿತು.

ಲೋಹಗಳಲ್ಲಿ ಕಂಚಿಗೆ ಹೆಚ್ಚಿನ ಮನ್ನಣೆ. ‘ಕಾಂಸ್ಯ’ವೇ ಕನ್ನಡದಲ್ಲಿ ‘ಕಂಚು’. ರಾಗಿಮುದ್ದೆಗೆ ಕಂಚಿನ ಗಂಗಳವು ಒಕ್ಕಲುಮನೆಯ ಹೆಮ್ಮೆಯಾಗಿತ್ತು. ಪಾವಗಡದ ಕಡೆಯ ತೆಲುಗು ಮನೆಮಾತಿನವರು ಉಣ್ಣುವ ತಟ್ಟೆಯನ್ನೇ ‘ಕಂಚಂ’ ಎನ್ನುವರು. ತಾಮ್ರ, ಹಿತ್ತಾಳೆಗಳಿಗೆ ಹುಳಿ ತಾಗಿದರೆ ಕಿಲುಬೇಳುವುದರಿಂದ ಅವಕ್ಕೆ ತವರದ ಕಲಾಯಿ ಬೇಕಾಯಿತು. ಇಂತಹ ಪಾತ್ರೆಗಳನ್ನು ಮಾಡುತ್ತಿದ್ದ ಜೈನ ಬೋಗಾರರ ಮುಖ್ಯ ನೆಲೆಗಳೆಂದು ಬಿ. ಎಲ್. ರೈಸರ ಮೈಸೂರು ಗೆಜೆಟಿಯರು ಶ್ರವಣಬೆಳಗೊಳವನ್ನೂ ತುಮಕೂರು ಸೀಮೆಯ ಸೀತಕಲ್ಲನ್ನೂ ಹೆಸರಿಸುತ್ತದೆ.

‘ಕಲಾಯಿ’ಯೂ ತಾಂಬೂಲದ ‘ತಬಕು’ವೂ ಅರಬ್ಬೀ ಮೂಲದ ಮಾತುಗಳು. 1638ರಲ್ಲಿ ಬಿಜಾಪುರದ ವಶವಾಗಿ, 1687ರಿಂದ ಮೊಗಲರ ಸುಭಾ ಪಟ್ಟಣವಾಗಿದ್ದ ಶಿರಾದ ನೆರೆಯಲ್ಲಿ ಇಂತಹ ಮಾತುಗಳು ಅಡಿಗೆಮನೆಯನ್ನು ಹೊಕ್ಕುದು ಆಶ್ಚರ್ಯವಲ್ಲ. ಬಂದ ಮಾತಿಗೂ ಬಂದ ಪಾತ್ರೆಗೂ ಮನೆಗಳಲ್ಲಿ ಸ್ಥಳ ದೊರೆಯಿತು.

ಆದರೆ ಎಲ್ಲ ಮನುಷ್ಯರಿಗೂ ಆ ಸ್ಥಳ ದೊರೆಯಲಿಲ್ಲ. ಕನ್ನಡನಾಡಿನ ಅನೇಕ ಊರುಗಳಲ್ಲಿ ದಲಿತರಿಗೆ ತೆಂಗಿನ ಕರಟದಲ್ಲಿ ನೀರೆರೆಯುತ್ತಿದ್ದರು; ಹೋಟೆಲುಗಳಲ್ಲಿ ಅವರ ಲೋಟವನ್ನು ಬೇರೆಯಾಗಿ ಹೊರಗಿಡುತ್ತಿದ್ದರು. ಕಂಚು ಬೂದಿಯಿಂದ ಶುದ್ಧವಾಗುವುದೆಂದು ಶಾಸ್ತ್ರಕಾರರು ಹೇಳಿದ್ದಾರೆ. ಬೂದಿಯಿಂದ ಬೆಳಗಿದ ಲೋಟವು ಹಿಂದೆ ಕುಡಿದವನ ಕುಲವನ್ನು ನೆನಪಿಡುವುದಿಲ್ಲ; ನೆನಪಿಟ್ಟವರು ಮನುಷ್ಯರೇ. 1950ರ ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಮಾಡಿತು. 1955ರ ಕಾಯಿದೆಯು ಹೋಟೆಲಿನ ಪಾತ್ರೆಗಳ ಬಳಕೆಯಲ್ಲಿ ಭೇದವೆಣಿಸುವುದನ್ನು ಹೆಸರಿಟ್ಟು ಅಪರಾಧವೆಂದಿತು. ಲೋಟದಂತಹ ಅಲ್ಪ ವಸ್ತುವು ಶಾಸನದಲ್ಲಿ ಸೇರಬೇಕಾಗಿ ಬಂದುದೇ ಅದರ ಭಾರವನ್ನು ತಿಳಿಸುತ್ತದೆ.

1913ರಲ್ಲಿ ಇಂಗ್ಲೆಂಡಿನ ಷೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿಯು ತುಕ್ಕು ಹಿಡಿಯದ ಉಕ್ಕನ್ನು ಸಾಧಿಸಿದನು. ಸ್ವಾತಂತ್ರ್ಯಾನಂತರ ಅದೇ ಸ್ಟೀಲು ತಟ್ಟೆಯಾಗಿ ಈ ಸೀಮೆಯ ಮನೆಗಳನ್ನೂ ತುಂಬಿತು. ಕಲಾಯಿಯವನ ಕೂಗು ಬೀದಿಗಳಲ್ಲಿ ಅಪೂರ್ವವಾಯಿತು. ಕಂಚಿನ ಗಂಗಳಗಳು ತೂಕಕ್ಕೆ ಮಾರಿಹೋಗುವ ಮುನ್ನ ಅವುಗಳ ಹೆಸರು, ಆಕಾರ, ಬಳಕೆಗಳನ್ನು ಮನೆಮನೆಗಳಲ್ಲಿ ಬರೆದಿಡುವುದು ಯುಕ್ತ. ಹಾಗೆ ಬರೆಯುವಾಗ ಗಂಗಳದ ಪಕ್ಕದಲ್ಲಿ ಕರಟವನ್ನೂ ಬರೆಯಬೇಕು; ಅದಿಲ್ಲದ ಚರಿತ್ರೆಯು ಅರ್ಧ ಪಂಕ್ತಿಗೆ ಮಾತ್ರ ಬಡಿಸಿದಂತಾಗುವುದು.