ಅಜವಾನದ ಹರಳು: ಎರೆಭೂಮಿಯ ಒಂದು ಸುಗಂಧ ತೈಲದ ಚರಿತ್ರೆ

ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದ ಗೊರೇಬಾಳದಂಥ ಊರುಗಳಲ್ಲಿ ಬಾಣಂತಿಯ ಕೋಣೆಗೂ ಅಜವಾನಕ್ಕೂ ಬಿಡಿಸಲಾಗದ ನಂಟು. ಕೂಸಿಗೆ ಎರೆದ ಮೇಲೆ ಅಗ್ಗಿಷ್ಟಿಗೆಯ ಕೆಂಡಕ್ಕೆ ಒಂದು ಚಿಟಿಕೆ ಕಾಳು ಉದುರಿಸುತ್ತಾರೆ. ಊಟವಾದ ಮೇಲೆ ಬಾಣಂತಿಗೆ ಹುರಿದ ಅಜವಾನ ಕೊಡುತ್ತಾರೆ. ಹೊಟ್ಟೆ ಉಬ್ಬರಿಸಿದರೆ ಅದನ್ನೇ ಕುದಿಸಿ ಸೋಸಿದ ನೀರು. ಇಂಥ ಬಳಕೆಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಹಿಡಿಯುವ ದಾರಿ ಒಂದೇ: ಅಜ್ಜಿಯರಿಗೆ ಗೊತ್ತಿದ್ದುದನ್ನು ಪ್ರಯೋಗಾಲಯ ಮುಂದೆ ಸಾಬೀತು ಮಾಡಿತು ಎಂಬುದು. ಅಜವಾನದ ಚರಿತ್ರೆ ಈ ಚೌಕಟ್ಟಿಗೆ ಹೊಂದುವುದಿಲ್ಲ. ಇದರ ಎಣ್ಣೆಯಿಂದ ಔಷಧಾಂಶವನ್ನು ಹರಳುಗಟ್ಟಿಸಿ ಮಾರುವ ಕೆಲಸ ಯುರೋಪಿನ ಕಾರ್ಖಾನೆಗಳಿಗೆ ಮೊದಲೇ ನಮ್ಮ ಪೇಟೆಗಳಲ್ಲಿ ನಡೆದಿತ್ತು ಎಂಬುದನ್ನು ಇಲ್ಲಿ ತೋರಿಸಬೇಕಾಗಿದೆ.

ಮೊದಲು ಕಾಳನ್ನೇ ನೋಡೋಣ. ನಾವು ಕಾಳು ಎನ್ನುವುದು ವಾಸ್ತವದಲ್ಲಿ ಒಣಗಿದ ಕಾಯಿ; ಕೊತ್ತಂಬರಿ, ಜೀರಿಗೆ, ಸಬ್ಬಸಿಗೆಗಳ ಕುಟುಂಬದ್ದು. ಭೂತಗನ್ನಡಿಯಲ್ಲಿ ಹಿಡಿದರೆ ಅದರ ಬೆನ್ನ ಮೇಲೆ ಉದ್ದುದ್ದ ಏಣುಗಳೂ ಒರಟಾದ ಸಣ್ಣ ಗಂಟುಗಳೂ ಕಾಣುತ್ತವೆ. ಏಣುಗಳ ನಡುವಿನ ತಗ್ಗಿನ ಕೆಳಗೆ ಎಣ್ಣೆಯ ನಾಳಗಳಿವೆ. ಅಂಗೈಯಲ್ಲಿಟ್ಟು ಉಜ್ಜಿದ ಕೂಡಲೇ ಮೂಗಿಗೆ ಘಾಟು ಹೊಡೆಯುವುದು ಈ ನಾಳಗಳು ಒಡೆಯುವುದರಿಂದ. ಕಾಳಿನ ತೂಕದಲ್ಲಿ ಸಾಮಾನ್ಯವಾಗಿ ಶೇ. 2ರಿಂದ 4ರಷ್ಟು ಸುಗಂಧ ತೈಲವಿರುತ್ತದೆ. ಅದರಲ್ಲಿ ಅರ್ಧದಷ್ಟು ಥೈಮಾಲ್, ಉಳಿದದ್ದು ಹೆಚ್ಚಾಗಿ ಗಾಮಾ-ಟರ್ಪಿನೀನ್ ಮತ್ತು ಪ್ಯಾರಾ-ಸೈಮೀನ್.

ಕಾಳನ್ನು ಜಜ್ಜಿ, ನೀರು ಹಾಕಿ, ಭಟ್ಟಿ ಇಳಿಸಿದರೆ ಎಣ್ಣೆ ನೀರಿನ ಮೇಲೆ ತೇಲುತ್ತದೆ. ಥೈಮಾಲ್ ಕರಗುವುದು ಸುಮಾರು 50 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆದ್ದರಿಂದ ಎಣ್ಣೆಯನ್ನು ತಂಪಿನಲ್ಲಿಟ್ಟರೆ ಅದು ತಾನಾಗಿಯೇ ಬಿಳಿ ಹರಳಾಗಿ ಕೂರುತ್ತದೆ. ಫ್ಲೂಕಿಗರ್ ಮತ್ತು ಹ್ಯಾನ್‌ಬರಿ 1874ರಲ್ಲಿ ಪ್ರಕಟಿಸಿದ 'ಫಾರ್ಮಕೊಗ್ರಾಫಿಯಾ' ಗ್ರಂಥ ಇಂಥ ಹರಳು 'ಅಜವಾನ್ ಕಾ ಫೂಲ್' ಎಂಬ ಹೆಸರಿನಲ್ಲಿ ಪುಣೆ ಮೊದಲಾದ ದಖ್ಖನ್ನಿನ ಪೇಟೆಗಳಲ್ಲಿ ಮಾರಾಟವಾಗುತ್ತಿದ್ದುದನ್ನು ದಾಖಲಿಸಿದೆ. ಯುರೋಪಿನಲ್ಲಿ ಕಾಸ್ಪರ್ ನಾಯ್ಮನ್ 1719ರಲ್ಲಿ ಥೈಮ್ ಗಿಡದ ಎಣ್ಣೆಯಿಂದ ಹರಳು ಪಡೆದಿದ್ದ. ಲಾಲೆಮಾಂ 1853ರಲ್ಲಿ ಅದಕ್ಕೆ ಥೈಮಾಲ್ ಎಂದು ಹೆಸರಿಟ್ಟ. ಅಜವಾನದ ಹರಳೂ ಅದೇ ವಸ್ತು ಎಂದು ರಸಾಯನ ವಿಜ್ಞಾನಿಗಳು ಕಂಡುಕೊಂಡದ್ದು 1850ರ ದಶಕದಲ್ಲಿ, ಸ್ಟೆನ್‌ಹೌಸ್ ಮತ್ತು ಹೇನ್ಸ್ ಅವರ ಪರೀಕ್ಷೆಗಳಿಂದ. ಬೇರೆ ಬೇರೆ ಗಿಡ, ಬೇರೆ ಬೇರೆ ಭಟ್ಟಿ, ಹರಳು ಮಾತ್ರ ಒಂದೇ. ಪೇಟೆಯ ಆ ಹರಳನ್ನು ಇಳಿಸುತ್ತಿದ್ದವರ ಹೆಸರು ಯಾವ ಗ್ರಂಥದ ಮುಖಪುಟಕ್ಕೂ ಏರಲಿಲ್ಲವೆಂಬುದು ನನಗೆ ನೋವಿನ ಸಂಗತಿ.

ಅಲ್ಲಿಂದ ಮುಂದೆ ಥೈಮಾಲ್‌ಗೆ ಬೇಡಿಕೆ ಏರಿತು. ಶಸ್ತ್ರವೈದ್ಯ ಲಿಸ್ಟರ್ 1860ರ ದಶಕದಲ್ಲಿ ಗಾಯಕ್ಕೆ ಕಾರ್ಬಾಲಿಕ್ ಆಮ್ಲ ಬಳಸಿ ತೋರಿಸಿದ ಮೇಲೆ, ಅದಕ್ಕಿಂತ ಕಡಿಮೆ ಸುಡುವ ನಂಜುನಿರೋಧಕಕ್ಕಾಗಿ ಹುಡುಕಾಟ ನಡೆದು, 1870ರ ದಶಕದಲ್ಲಿ ಥೈಮಾಲ್ ಶಸ್ತ್ರಚಿಕಿತ್ಸೆಗೆ ಬಂತು. ಬಾಯಿ ಮುಕ್ಕಳಿಸುವ ಲಿಸ್ಟರಿನ್‌ನಲ್ಲಿ ಇಂದಿಗೂ ಅದಿದೆ. ಕೊಕ್ಕೆಹುಳುವಿನ ಬಾಧೆಗೂ ಅದೇ ಮದ್ದಾಯಿತು. 1909ರಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ರಾಕ್‌ಫೆಲರ್ ಆಯೋಗ ಆರಂಭಿಸಿದ ಆಂದೋಲನ ಮುಖ್ಯವಾಗಿ ನಂಬಿದ್ದು ಥೈಮಾಲನ್ನೇ. ಇಷ್ಟೆಲ್ಲಕ್ಕೂ ಬೇಕಾದ ಅಜವಾನ ಭಾರತದಿಂದ ಜರ್ಮನಿಗೆ ಹಡಗೇರಿ ಹೋಗುತ್ತಿತ್ತು. ಅಲ್ಲಿ ಎಣ್ಣೆಯನ್ನು ತೆಳು ಕಾಸ್ಟಿಕ್ ಸೋಡಾ ದ್ರಾವಣದೊಂದಿಗೆ ಕುಲುಕಿ, ನೀರಿಗಿಳಿದ ಥೈಮಾಲನ್ನು ಆಮ್ಲ ಹಾಕಿ ಬಿಡಿಸಿಕೊಂಡು, ಶುದ್ಧ ಹರಳಾಗಿಸಿ ಮಾರುತ್ತಿದ್ದರು.

1914ರ ಯುದ್ಧ ಈ ಸರಪಳಿಯನ್ನು ಕಡಿಯಿತು. ಅದೇ ಏಟು ಮೈಸೂರಿನ ಶ್ರೀಗಂಧಕ್ಕೂ ಬಿತ್ತು. ಅದೂ ಹರಾಜಾಗಿ ಬಹುಪಾಲು ಜರ್ಮನಿಗೇ ಹೋಗುತ್ತಿತ್ತು. ಆದರೆ ಮೈಸೂರು ಸುಮ್ಮನೆ ಕೂರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಡ್‌ಬರೊ ಮತ್ತು ವಾಟ್ಸನ್ ಎಣ್ಣೆ ಇಳಿಸುವ ಕ್ರಮವನ್ನು ಪ್ರಯೋಗಿಸಿ ನೋಡಿದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ದಿವಾನ್ ವಿಶ್ವೇಶ್ವರಯ್ಯನವರ ಒತ್ತಾಸೆ, ಆಲ್ಫ್ರೆಡ್ ಚಾಟರ್ಟನ್ನರ ಉಸ್ತುವಾರಿ ಸೇರಿ 1916ರಲ್ಲಿ ಸರ್ಕಾರಿ ಗಂಧದೆಣ್ಣೆ ಉದ್ಯಮ ಶುರುವಾಯಿತು. ಆಗ ಗಂಧದೆಣ್ಣೆಯೆಂದರೆ ಬರೀ ಅತ್ತರಿನ ಸರಕಲ್ಲ, ಗೊನೊರಿಯಾಕ್ಕೆ ವೈದ್ಯರು ಬರೆದುಕೊಡುತ್ತಿದ್ದ ಮದ್ದು ಕೂಡ. 1930ರ ದಶಕದ ಕೊನೆಗೆ ಸಲ್ಫಾ ಮಾತ್ರೆ, ಆಮೇಲೆ ಪೆನಿಸಿಲಿನ್ ಬಂದು ಆ ಸ್ಥಾನ ತಪ್ಪಿತು. ಶ್ರೀಗಂಧ ರಾಜ್ಯದ ಸೊತ್ತಾಗಿತ್ತು, ಮರ ಯಾರ ಹೊಲದಲ್ಲಿದ್ದರೂ ಆಗ ಒಡೆತನ ಸರ್ಕಾರದ್ದೇ ಆಗಿತ್ತು. ಹಾಗಾಗಿ ಉದ್ಯಮ ಕಟ್ಟಲು ಸರ್ಕಾರದ ಒಂದು ತೀರ್ಮಾನ ಸಾಕಾಯಿತು. ಅಜವಾನ ಚದುರಿದ ರೈತರ ಮಳೆಯಾಶ್ರಿತ ಬೆಳೆ. ಎರಡು ಎಣ್ಣೆಗಳ ಹಾದಿ ಬೇರೆಯಾದದ್ದಕ್ಕೆ ಮುಖ್ಯ ಕಾರಣ ಇದೇ ಎಂದು ನನ್ನ ಅಭಿಪ್ರಾಯ. ಮುಂದೆ ಮೆಟಾ-ಕ್ರೆಸಾಲ್‌ನಿಂದ ಕೃತಕ ಥೈಮಾಲ್ ತಯಾರಾದಾಗ ಕಾಳಿಗೆ ಉಳಿದದ್ದು ಅಡುಗೆಮನೆ.

ಥೈಮಾಲ್ ಸೂಕ್ಷ್ಮಜೀವಿಯನ್ನು ಹೇಗೆ ಕೊಲ್ಲುತ್ತದೆ? ಬ್ಯಾಕ್ಟೀರಿಯಾದ ಕೋಶಪೊರೆ ಕೊಬ್ಬಿನ ಅಣುಗಳದು. ಥೈಮಾಲ್‌ಗೂ ಕೊಬ್ಬಿಗೂ ಒಗ್ಗುತ್ತದೆ. ಪೊರೆಯೊಳಗೆ ಸೇರಿಕೊಂಡು ಅದನ್ನು ಸಡಿಲಿಸುತ್ತದೆ. ಪೊಟ್ಯಾಸಿಯಂ ಅಯಾನುಗಳು ಹೊರಗೆ ಸೋರುತ್ತವೆ, ಕೋಶದ ಶಕ್ತಿಯ ಉತ್ಪಾದನೆ ಕುಸಿಯುತ್ತದೆ. ಈ ಕೆಲಸಕ್ಕೆ ಅಣುವಿನ ಉಂಗುರಕ್ಕೆ ಅಂಟಿದ ಹೈಡ್ರಾಕ್ಸಿಲ್ ಗುಂಪು ಬೇಕೇಬೇಕು. ಆ ಗುಂಪಿಲ್ಲದ ಪ್ಯಾರಾ-ಸೈಮೀನ್ ಒಂಟಿಯಾಗಿ ದುರ್ಬಲ. ಉತ್ಕರ್ಷಣ ನಿರೋಧಕ ಗುಣದ ಮೂಲವೂ ಅದೇ ಹೈಡ್ರಾಕ್ಸಿಲ್: ಎಣ್ಣೆ ಕಮಟಾಗುವಾಗ ಹುಟ್ಟುವ ಪೆರಾಕ್ಸಿಲ್ ರ‍್ಯಾಡಿಕಲ್‌ಗೆ ಅದು ತನ್ನ ಹೈಡ್ರೋಜನ್ ಕೊಟ್ಟು ಸರಣಿಯನ್ನು ನಿಲ್ಲಿಸುತ್ತದೆ. ಲವಂಗದ ಯೂಜಿನಾಲ್ ಕೂಡ ಇದೇ ಬಗೆಯ ಫೀನಾಲ್, ಅಂದರೆ ಉಂಗುರಕ್ಕೆ ನೇರವಾಗಿ ಹೈಡ್ರಾಕ್ಸಿಲ್ ಅಂಟಿದ ಅಣು. ಗಂಧದ ಸ್ಯಾಂಟಲಾಲ್ ಫೀನಾಲ್ ಅಲ್ಲ. ಸುಗಂಧ ತೈಲಗಳೆಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಬರಹಗಳು ಎಡವುವುದು ಇಲ್ಲೇ.

ಇನ್ನೂ ಒಂದು ತೊಡಕಿದೆ. ಅಗರ್ ತಟ್ಟೆಯ ಮೇಲೆ ಎಣ್ಣೆಯಲ್ಲಿ ಅದ್ದಿದ ಕಾಗದದ ಬಿಲ್ಲೆಯಿಟ್ಟು, ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವಲಯವನ್ನು ಅಳೆಯುವುದು ನಮ್ಮ ಕಾಲೇಜುಗಳಲ್ಲಿ ಬಹು ಪ್ರಚಲಿತ. ಎಣ್ಣೆ ನೀರಿನಂಶದ ಅಗರ್‌ನಲ್ಲಿ ಸರಿಯಾಗಿ ಹರಡುವುದಿಲ್ಲ, ಒಂದಷ್ಟು ಆವಿಯಾಗಿ ಹೋಗುತ್ತದೆ. ವಲಯ ಚಿಕ್ಕದೆಂದರೆ ಎಣ್ಣೆ ಬಲಹೀನ ಎಂದರ್ಥವಲ್ಲ. ದೊಡ್ಡದೆಂದರೆ ಹೊಟ್ಟೆಯೊಳಗಿನ ರೋಗ ವಾಸಿಯಾಗುತ್ತದೆಂದೂ ಅಲ್ಲ. ಬಾಣಂತಿ ಕೋಣೆಯ ಹೊಗೆಯ ವಿಚಾರವಂತೂ ಬೇರೆಯೇ: ಆ ಹೊಗೆಯಲ್ಲಿ ಎಷ್ಟೇ ಥೈಮಾಲ್ ಇರಲಿ, ಕೆಂಡದ ಹೊಗೆ ಎಳೆಗೂಸಿನ ಶ್ವಾಸಕೋಶಕ್ಕೆ ಹಾನಿಯೇ.

ಇನ್ನು ಈ ಕಾಳು ಬೆಳೆಯುವ ನೆಲಕ್ಕೆ ಬಂದರೆ, ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಸಿಂಧನೂರಿನ ಸೀಮೆ ಭತ್ತದ ಕಣಜವಾಯಿತು. ಅಜವಾನಕ್ಕೆ ಹೊಂದುವುದು ಕಾಲುವೆ ಮುಟ್ಟದ ಎರೆಹೊಲ, ತಡವಾದ ಮುಂಗಾರಿನ ಹಸಿ. ನದಿಯಾಚೆಯ ಕರ್ನೂಲು ಇಂದಿಗೂ ಅದರ ಹೆಸರಾಂತ ಮಾರುಕಟ್ಟೆ. ಥೈಮಾಲ್‌ನ ಪ್ರಮಾಣ ತಳಿ, ಮಣ್ಣು, ಕೊಯ್ಲಿನ ಹೊತ್ತಿಗೆ ತಕ್ಕಂತೆ ಏರಿಳಿಯುತ್ತದೆ. ಆದ್ದರಿಂದ ಈ ಸೀಮೆಯ ಕಾಳಿನ ಬಗ್ಗೆ ಮಾತಾಡಲು ಈ ಸೀಮೆಯ ಹೊಲದ ಕಾಳನ್ನೇ, ಹಸಿರುಗಾಯಿ ಹಂತದಿಂದ ಪೂರ್ತಿ ಒಣಗುವವರೆಗೆ ಹಂತಹಂತವಾಗಿ ಕೊಯ್ದು ಭಟ್ಟಿ ಇಳಿಸಬೇಕು. ಎಣ್ಣೆಯ ಪ್ರತಿ ಅಂಶವನ್ನೂ ಗ್ಯಾಸ್ ಕ್ರೊಮ್ಯಾಟೊಗ್ರಫಿಯಲ್ಲಿ ಅಳೆಯಬೇಕು. ಅಗರ್ ಬಿಲ್ಲೆಯ ಬದಲು ದ್ರವ ಮಾಧ್ಯಮದಲ್ಲಿ ಕನಿಷ್ಠ ಪ್ರತಿಬಂಧಕ ಸಾಂದ್ರತೆ ಗೊತ್ತುಮಾಡಬೇಕು.