ಏಕಾಯಾಮತೆ (ಪ್ರಶ್ನಾವಳಿ)

ಏಕಾಯಾಮತೆ ಎಂದರೆ ಪ್ರಶ್ನಾವಳಿಯೊಂದರ ಎಲ್ಲ ಪ್ರಶ್ನೆಗಳೂ ನೇರವಾಗಿ ಕಾಣದ ಒಂದೇ ಗುಣವನ್ನು ಅಳೆಯುವ ಸ್ಥಿತಿ. ಬುದ್ಧಿಶಕ್ತಿ, ಆತಂಕ, ಗಣಿತ ಸಾಮರ್ಥ್ಯ ಮೊದಲಾದವು ಇಂತಹ ಗುಣಗಳು. ಉತ್ತರಗಳ ಅಂಕಗಳನ್ನು ಕೂಡಿಸಿ ಒಂದೇ ಗುಣದ ಅಳತೆಯೆಂದು ಹೇಳುವ ಮೊದಲು ಏಕಾಯಾಮತೆಯನ್ನು ಪರೀಕ್ಷಿಸುವುದು ಅಗತ್ಯ.

ಹಿನ್ನೆಲೆ

ಬ್ರಿಟನ್ನಿನ ಮನೋವಿಜ್ಞಾನಿ ಚಾರ್ಲ್ಸ್ ಸ್ಪಿಯರ್‌ಮನ್ ಅವರು ವಿವಿಧ ಶಾಲಾ ವಿಷಯಗಳ ಅಂಕಗಳು ಒಟ್ಟಾಗಿ ಏರಿಳಿಯುವುದಕ್ಕೆ ಒಂದು ಸಾಮಾನ್ಯ ಸಾಮರ್ಥ್ಯವೇ ಕಾರಣವೆಂದು 1904ರಲ್ಲಿ ಪ್ರತಿಪಾದಿಸಿದರು. ಘಟಕ ವಿಶ್ಲೇಷಣೆ ಎಂಬ ಸಂಖ್ಯಾಶಾಸ್ತ್ರೀಯ ವಿಧಾನವು ಇದರಿಂದ ಬೆಳೆಯಿತು. ಲಂಡನ್ನಿನಲ್ಲಿ ಅವರ ಬಳಿ ವ್ಯಾಸಂಗ ಮಾಡಿದ ಎಂ. ವಿ. ಗೋಪಾಲಸ್ವಾಮಿಯವರು, 1924ರಲ್ಲಿ ಆರಂಭವಾದ ಮೈಸೂರು ವಿಶ್ವವಿದ್ಯಾನಿಲಯದ ಮನೋವಿಜ್ಞಾನ ವಿಭಾಗದ ಮುಖ್ಯಸ್ಥರಾಗಿದ್ದರು.

ಪರೀಕ್ಷಿಸುವ ವಿಧಾನ

ಮೊದಲಿಗೆ ಪ್ರಶ್ನೆಗಳ ಪರಸ್ಪರ ಸಹಸಂಬಂಧಗಳ ಕೋಷ್ಟಕವನ್ನು ರಚಿಸಲಾಗುತ್ತದೆ. ಅನಂತರ ಘಟಕ ವಿಶ್ಲೇಷಣೆಯ ಮೂಲಕ, ಮೊದಲನೆಯ ಘಟಕವು ಉಳಿದವುಗಳಿಗಿಂತ ಎಷ್ಟು ಪ್ರಬಲವೆಂದು ನೋಡಲಾಗುತ್ತದೆ. ಜಾನ್ ಹಾರ್ನ್ 1965ರಲ್ಲಿ ಸೂಚಿಸಿದ ಸಮಾನಾಂತರ ವಿಶ್ಲೇಷಣೆಯಲ್ಲಿ, ಯಾದೃಚ್ಛಿಕ ಸಂಖ್ಯೆಗಳಿಂದ ದೊರೆಯುವ ಘಟಕಗಳಿಗಿಂತ ಪ್ರಬಲವಾದವುಗಳನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಒಂದೇ ಘಟಕ ಉಳಿದರೆ ಅದು ಏಕಾಯಾಮತೆಗೆ ಪುಷ್ಟಿ ನೀಡುತ್ತದೆ.

ಆಲ್ಫಾ ಕುರಿತ ತಪ್ಪು ಗ್ರಹಿಕೆ

ಲೀ ಕ್ರಾನ್‌ಬಾಕ್ 1951ರಲ್ಲಿ ಪ್ರಚಾರಕ್ಕೆ ತಂದ ಆಲ್ಫಾ ಗುಣಾಂಕವು 0.7ನ್ನು ಮೀರಿದರೆ ಪ್ರಶ್ನಾವಳಿಯು ಏಕಾಯಾಮವೆಂದು ಹಲವರು ಭಾವಿಸುವುದುಂಟು. ಇದು ಸರಿಯಲ್ಲ. ಇಪ್ಪತ್ತು ಪ್ರಶ್ನೆಗಳು ಹತ್ತರ ಎರಡು ಗುಂಪುಗಳಾಗಿದ್ದು, ಗುಂಪಿನೊಳಗಿನ ಸಹಸಂಬಂಧ 0.5 ಮತ್ತು ಗುಂಪುಗಳ ನಡುವೆ ಸೊನ್ನೆ ಎಂದಿಟ್ಟುಕೊಂಡರೆ, ಆಗಲೂ ಆಲ್ಫಾ ಸುಮಾರು 0.86 ಬರುತ್ತದೆ. ಅಳೆದಿರುವುದು ಮಾತ್ರ ಸಂಬಂಧವೇ ಇಲ್ಲದ ಎರಡು ಗುಣಗಳನ್ನು.

ಉದಾಹರಣೆ

ಮಂಚೇನಹಳ್ಳಿ, ಗೌರಿಬಿದನೂರು ಸೀಮೆಯಲ್ಲಿ ಅನೇಕ ಮಕ್ಕಳ ಮನೆಮಾತು ತೆಲುಗು, ಕಲಿಕೆಯ ಭಾಷೆ ಕನ್ನಡ. ಇಂತಹ ತರಗತಿಗೆ ನೀಡುವ ಗಣಿತ ಪರೀಕ್ಷೆಯಲ್ಲಿ ನೇರ ಲೆಕ್ಕಗಳ ಜೊತೆಗೆ ದೀರ್ಘವಾದ ವಾಕ್ಯರೂಪದ ಲೆಕ್ಕಗಳೂ ಇದ್ದರೆ, ಎರಡನೆಯವು ಗಣಿತದೊಂದಿಗೆ ಕನ್ನಡ ಓದಿನ ಸಾಮರ್ಥ್ಯವನ್ನೂ ಅಳೆಯಬಹುದು. ಆಗ ಎರಡು ಘಟಕಗಳು ಗೋಚರಿಸಬಹುದು. ಅವನ್ನು ಬೇರ್ಪಡಿಸದೆ ಕೂಡಿಸಿದರೆ, ಕೂಡಿ ಕಳೆಯಲು ಚೆನ್ನಾಗಿ ಬಲ್ಲ ಮಗುವೂ ಗಣಿತದಲ್ಲಿ ಹಿಂದುಳಿದಿದೆಯೆಂಬ ತಪ್ಪು ತೀರ್ಮಾನಕ್ಕೆ ಒಳಗಾಗುತ್ತದೆ.

ಅನ್ವಯದ ಮಿತಿ

ಎಲ್ಲ ಮಾಪಕಗಳಿಗೂ ಈ ನಿಯಮ ಅನ್ವಯಿಸದು. ಮನೋವಿಜ್ಞಾನಿ ಬಿ. ಕುಪ್ಪುಸ್ವಾಮಿಯವರ ಸಾಮಾಜಿಕ-ಆರ್ಥಿಕ ಸ್ಥಿತಿಯ ಮಾಪಕವು (1976) ಕುಟುಂಬದ ಮುಖ್ಯಸ್ಥರ ಶಿಕ್ಷಣ, ಉದ್ಯೋಗ ಹಾಗೂ ಕುಟುಂಬದ ಆದಾಯಗಳಿಗೆ ಅಂಕ ನೀಡಿ ಕೂಡಿಸುತ್ತದೆ. ಇವು ಆ ಸ್ಥಿತಿಯ ಲಕ್ಷಣಗಳೆನ್ನುವುದಕ್ಕಿಂತ ಅದನ್ನು ರೂಪಿಸುವ ಅಂಶಗಳು. ಆದ್ದರಿಂದ ಅವುಗಳ ನಡುವೆ ಗಾಢ ಸಹಸಂಬಂಧ ಇರಲೇಬೇಕೆಂದಿಲ್ಲ.