ಐಎನ್‌ಎಸ್ ವಿಕ್ರಮಾದಿತ್ಯದ ಮರುಸಜ್ಜೀಕರಣ

ಐಎನ್‌ಎಸ್ ವಿಕ್ರಮಾದಿತ್ಯವು ಹಳೆಯ ಸೋವಿಯತ್ ಯುದ್ಧನೌಕೆಯೊಂದನ್ನು ದುರಸ್ತಿಗೊಳಿಸಿ ರೂಪಿಸಲಾದ, ಭಾರತೀಯ ನೌಕಾಪಡೆಯ ವಿಮಾನವಾಹಕ ನೌಕೆ. 1987ರಲ್ಲಿ 'ಬಾಕು' ಎಂಬ ಹೆಸರಿನಿಂದ ಸೇವೆಗೆ ಸೇರಿದ ಇದು, ಮುಂದೆ 'ಅಡ್ಮಿರಲ್ ಗೋರ್ಷ್ಕೋವ್' ಎನಿಸಿಕೊಂಡು 1996ರಲ್ಲಿ ನಿವೃತ್ತವಾಯಿತು. 2004ರ ಒಪ್ಪಂದದಂತೆ ರಷ್ಯಾದ ಸೆವ್ಮಾಶ್ ಹಡಗುಕಟ್ಟೆಯಲ್ಲಿ ಇದರ ಮರುಸಜ್ಜೀಕರಣ ನಡೆಯಿತು. ಮುಂಭಾಗದ ಕ್ಷಿಪಣಿಗಳನ್ನು ತೆಗೆದು, ವಿಮಾನಗಳು ಮೇಲೇರಲು ಬಾಗಿದ ಏರುದಾರಿಯನ್ನೂ ಇಳಿಯುವ ವಿಮಾನಗಳನ್ನು ತಡೆದು ನಿಲ್ಲಿಸುವ ಉಕ್ಕಿನ ಹಗ್ಗಗಳನ್ನೂ ಅಳವಡಿಸಲಾಯಿತು.

ಬದಲಾಯಿಸಬೇಕಾದ ವಿದ್ಯುತ್ ಕೇಬಲ್‌ಗಳ ಪ್ರಮಾಣವನ್ನು ಮೊದಲು ಕಡಿಮೆ ಅಂದಾಜಿಸಿದ್ದರಿಂದ ಕೆಲಸವೂ ವೆಚ್ಚವೂ ಬೆಳೆದವು. ಸುಮಾರು 97.4 ಕೋಟಿ ಡಾಲರ್‌ಗಳಷ್ಟಿದ್ದ ಮೂಲ ಬೆಲೆಯು 2010ರ ಹೊತ್ತಿಗೆ ಸುಮಾರು 235 ಕೋಟಿ ಡಾಲರ್‌ಗಳಿಗೆ ಏರಿತು. 2012ರ ಸಮುದ್ರ ಪರೀಕ್ಷೆಯಲ್ಲಿ ಬಾಯ್ಲರ್‌ಗಳ ಶಾಖನಿರೋಧಕ ಹೊದಿಕೆ ಹಾಳಾದುದರಿಂದ ಹಸ್ತಾಂತರ ಮತ್ತೆ ಮುಂದೂಡಲ್ಪಟ್ಟಿತು. 2008ಕ್ಕೆ ದೊರೆಯಬೇಕಿದ್ದ ನೌಕೆಯು 2013ರ ನವೆಂಬರ್ 16ರಂದು ಭಾರತೀಯ ನೌಕಾಪಡೆಗೆ ಸೇರ್ಪಡೆಯಾಯಿತು. ಕರ್ನಾಟಕದ ಕಾರವಾರವು ಇದರ ನೆಲೆಯಾಗಿದೆ.